ಅಪ್ಪನ ಮಹಾಪಧಮನಿಯ ಉಬ್ಬು: ಅಲ್ಟ್ರಾಸೌಂಡ್‌ನಲ್ಲಿ 4.7 ಸೆಂ.ಮೀ., ಸಿ.ಟಿ.ಯಲ್ಲಿ 5.2 ಸೆಂ.ಮೀ. ಯಾವ ಅಳತೆಯನ್ನು ನಂಬಬೇಕು?

ಹೇಮಾವತಿತೀರ (ಮೂಲ ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಈಗ 71 ವರ್ಷ. ಹಾಸನದ ಕಡೆಯ ಕೃಷಿಕರು. ಹುಡುಗತನದಿಂದಲೂ ಬೀಡಿ ಸೇದುತ್ತಿದ್ದವರು ಈಚೆಗಷ್ಟೇ ಬಿಟ್ಟಿದ್ದಾರೆ. ರಕ್ತದೊತ್ತಡಕ್ಕೆ ಮಾತ್ರೆ ನಡೆಯುತ್ತಿದೆ, ಸಕ್ಕರೆ ಕಾಯಿಲೆ ಇಲ್ಲ. ಮೂತ್ರದ ತೊಂದರೆಗೆಂದು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ, ಪ್ರಾಸ್ಟೇಟ್ ದೊಡ್ಡದಾಗಿರುವುದರ ಜೊತೆಗೆ ಹೊಟ್ಟೆಯ ಮಹಾಪಧಮನಿ (ಹೃದಯದಿಂದ ರಕ್ತ ಒಯ್ಯುವ ದೊಡ್ಡ ನಾಳ) 4.7 ಸೆಂ.ಮೀ.ನಷ್ಟು ಉಬ್ಬಿಕೊಂಡಿದೆ ಎಂದು ವರದಿ ಬಂತು. ಮರು ತಿಂಗಳು ಕಾಂಟ್ರಾಸ್ಟ್ (ರಕ್ತನಾಳ ಚಿತ್ರದಲ್ಲಿ ಎದ್ದು ಕಾಣುವಂತೆ ಮಾಡುವ ದ್ರವ) ಕೊಟ್ಟು ಸಿ.ಟಿ. ಆಂಜಿಯೋಗ್ರಾಂ ಮಾಡಿಸಿದೆವು. ಅದರಲ್ಲಿ 5.2 ಸೆಂ.ಮೀ. ಎಂದಿದೆ. ಉಬ್ಬಿನ ಒಳಗೋಡೆಗೆ ಅಂಟಿಕೊಂಡಂತೆ ರಕ್ತ ಹೆಪ್ಪುಗಟ್ಟಿದೆ, ಗೋಡೆಯಲ್ಲಿ ಅಲ್ಲಲ್ಲಿ ಕ್ಯಾಲ್ಸಿಯಂ ಇದೆ ಎಂದೂ ಬರೆದಿದ್ದಾರೆ.

ಒಂದೇ ತಿಂಗಳಲ್ಲಿ ಅರ್ಧ ಸೆಂಟಿಮೀಟರ್ ಬೆಳೆದುಬಿಟ್ಟಿತೇ ಎಂಬ ಚಿಂತೆಯಲ್ಲಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ನಮ್ಮ ಸೋದರಮಾವ ಇಂದೇ ಆಪರೇಷನ್ ಆಗಬೇಕು ಎನ್ನುತ್ತಾರೆ. ನೋಡಿದ ವೈದ್ಯರು ಆರು ತಿಂಗಳು ಬಿಟ್ಟು ಮತ್ತೆ ಅಳೆಯೋಣ ಎಂದಿದ್ದಾರೆ. ಅಪ್ಪನಿಗೆ ಹೊಟ್ಟೆನೋವಾಗಲಿ ಬೆನ್ನುನೋವಾಗಲಿ ಇಲ್ಲ, ದಿನವೂ ತೋಟಕ್ಕೆ ಹೋಗಿ ಬರುತ್ತಾರೆ. ಬಲ್ಲವರು ದಯವಿಟ್ಟು ತಿಳಿಸಿ: ಎರಡು ಅಳತೆಗಳಲ್ಲಿ ಯಾವುದು ಸರಿ? ಆರು ತಿಂಗಳಿಗೆ ಮತ್ತೆ ಸಿ.ಟಿ. ಮಾಡಿಸಬೇಕೇ?

ಛಾಯಾದರ್ಪಣ (ರೇಡಿಯಾಲಜಿ ವೈದ್ಯ, ಮೈಸೂರು)

ಮೇಡಂ, ಮೊದಲು ಧೈರ್ಯ ತಂದುಕೊಳ್ಳಿ. ನೀವು ಬರೆದಿರುವ ವಿವರದಲ್ಲಿ ಉಬ್ಬು ಒಂದು ತಿಂಗಳಲ್ಲಿ ಬೆಳೆದಿದೆ ಎನ್ನುವುದಕ್ಕೆ ಪುರಾವೆಯಿಲ್ಲ. ಎರಡು ಬೇರೆ ಯಂತ್ರಗಳಲ್ಲಿ, ಇಬ್ಬರು ಬೇರೆ ವೈದ್ಯರು, ಬಹುಶಃ ಎರಡು ಬೇರೆ ವಿಧಾನಗಳಲ್ಲಿ ಅಳೆದ ಎರಡು ಸಂಖ್ಯೆಗಳನ್ನು ನೀವು ಅಕ್ಕಪಕ್ಕ ಇಟ್ಟು ನೋಡುತ್ತಿದ್ದೀರಿ. ಒಂದೇ ಉಬ್ಬನ್ನು ಇಬ್ಬರು ಅನುಭವಿಗಳು ಅಳೆದರೂ ಕೆಲವು ಮಿಲಿಮೀಟರ್ ಹೆಚ್ಚುಕಡಿಮೆ ಬರುವುದು ಸಾಮಾನ್ಯ. ಐದು ಮಿ.ಮೀ. ವ್ಯತ್ಯಾಸ ಬಂದರೂ ಆಶ್ಚರ್ಯಪಡಬೇಕಾಗಿಲ್ಲ. ಈ ಗಾತ್ರದ ಉಬ್ಬುಗಳು ವರ್ಷಕ್ಕೆ ಸರಾಸರಿ ಎರಡು ಮೂರು ಮಿ.ಮೀ. ಬೆಳೆಯುತ್ತವೆ.

ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇಂತಹ ವರದಿಗಳನ್ನು ಹಿಡಿದುಕೊಂಡು ಹೆದರಿ ಬರುವ ಕುಟುಂಬಗಳನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಅಲ್ಟ್ರಾಸೌಂಡ್‌ನಲ್ಲಿ ಸಾಮಾನ್ಯವಾಗಿ ಹೊಟ್ಟೆಯ ಕಡೆಯಿಂದ ಬೆನ್ನಿನ ಕಡೆಗೆ ಇರುವ ಅಡ್ಡಗಲವನ್ನು ಅಳೆಯುತ್ತಾರೆ. ಕೆಲವರು ಗೋಡೆಯ ಒಳ ಅಂಚಿನಿಂದ ಒಳ ಅಂಚಿಗೆ ಗುರುತು ಇಡುತ್ತಾರೆ, ಕೆಲವರು ಹೊರ ಅಂಚಿನಿಂದ ಹೊರ ಅಂಚಿಗೆ. ಗೋಡೆಯ ದಪ್ಪ ಎರಡೂ ಬದಿಯಲ್ಲಿ ಸೇರಿದರೆ ಅಷ್ಟರಿಂದಲೇ ಮೂರು ನಾಲ್ಕು ಮಿ.ಮೀ. ಹೆಚ್ಚಾಗುತ್ತದೆ. ಸಿ.ಟಿ.ಯಲ್ಲಿ ಹೊರ ಅಂಚಿನಿಂದ ಹೊರ ಅಂಚಿಗೆ, ಯಾವ ದಿಕ್ಕಿನಲ್ಲಿ ಅತಿ ಹೆಚ್ಚು ಅಗಲವಿದೆಯೋ ಆ ದಿಕ್ಕಿನಲ್ಲಿ ಅಳೆಯುವುದು ರೂಢಿ. ಆದ್ದರಿಂದ ಸಿ.ಟಿ.ಯ ಸಂಖ್ಯೆ ಅಲ್ಟ್ರಾಸೌಂಡ್‌ಗಿಂತ ತುಸು ದೊಡ್ಡದಾಗಿ ಬರುವುದು ನಿರೀಕ್ಷಿತವೇ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಉಬ್ಬಿದ ಮಹಾಪಧಮನಿ ನೇರವಾಗಿ ಉಳಿಯುವುದಿಲ್ಲ, ವಯಸ್ಸಾದಂತೆ ಬಳುಕಿ ಒಂದು ಬದಿಗೆ ವಾಲುತ್ತದೆ. ಸಿ.ಟಿ. ಯಂತ್ರವು ದೇಹಕ್ಕೆ ಅಡ್ಡವಾಗಿ ಚಿತ್ರಗಳನ್ನು ತೆಗೆಯುತ್ತದೆ, ನಾಳಕ್ಕೆ ಅಡ್ಡವಾಗಿ ಅಲ್ಲ. ಬಾಳೆದಿಂಡನ್ನು ನೇರವಾಗಿ ಹೆಚ್ಚಿದರೆ ದುಂಡನೆಯ ಬಿಲ್ಲೆ ಬರುತ್ತದೆ, ಓರೆಯಾಗಿ ಹೆಚ್ಚಿದರೆ ಉದ್ದನೆಯ ಬಿಲ್ಲೆ ಬರುತ್ತದೆ. ದಿಂಡಿನ ದಪ್ಪ ಮಾತ್ರ ಅಷ್ಟೇ ಇರುತ್ತದೆ. ಲೆಕ್ಕ ಹಾಕಿ ನೋಡಿ: 4.8 ಸೆಂ.ಮೀ. ಅಗಲದ ನಾಳವು 30 ಡಿಗ್ರಿ ವಾಲಿದ್ದರೆ, ಅಡ್ಡಚಿತ್ರದಲ್ಲಿ ಅದರ ಉದ್ದನೆಯ ಅಳತೆ ಸುಮಾರು 5.5 ಸೆಂ.ಮೀ. ಆಗುತ್ತದೆ. ಅಂದರೆ ಕಾಯಬಹುದಾದ ರೋಗಿಯೊಬ್ಬರು ಬರಿಯ ಓರೆಯಿಂದಾಗಿ ಶಸ್ತ್ರಚಿಕಿತ್ಸೆಯ ಗಡಿಗೆ ಬಂದು ನಿಲ್ಲುತ್ತಾರೆ. ಇದನ್ನು ತಪ್ಪಿಸಲು, ನಾಳದ ನಟ್ಟನಡುವೆ ಹಾಯುವ ರೇಖೆಯನ್ನು ಕಂಪ್ಯೂಟರ್‌ನಲ್ಲಿ ಗುರುತಿಸಿಕೊಂಡು, ಆ ರೇಖೆಗೆ ಲಂಬವಾಗಿ ಚಿತ್ರವನ್ನು ತಿರುಗಿಸಿ ಅಳೆಯಬೇಕು. ಇಂದಿನ ಎಲ್ಲ ಯಂತ್ರಗಳ ಜೊತೆಗೂ ಈ ಸೌಲಭ್ಯ ಬರುತ್ತದೆ. ಆದರೆ ಕೆಲಸದ ಒತ್ತಡವಿರುವ ಕಡೆ ಅಡ್ಡಚಿತ್ರದ ಮೇಲೆಯೇ ಗೆರೆ ಎಳೆದು ಸಂಖ್ಯೆ ಬರೆದುಬಿಡುವುದುಂಟು. ನಿಮ್ಮ ವರದಿಯಲ್ಲಿ ಹೇಗೆ ಅಳೆದರು ಎಂಬ ಉಲ್ಲೇಖವಿದೆಯೇ ನೋಡಿ. ಇಲ್ಲದಿದ್ದರೆ ಆ ಕೇಂದ್ರಕ್ಕೆ ಹೋಗಿ, ನಡುರೇಖೆಗೆ ಲಂಬವಾಗಿ ಮತ್ತೊಮ್ಮೆ ಅಳೆದು ಕೊಡುವಂತೆ ಕೇಳಿಕೊಳ್ಳಿ. ಇದಕ್ಕೆ ಹೊಸ ಸ್ಕ್ಯಾನ್ ಬೇಕಾಗಿಲ್ಲ, ಇರುವ ಚಿತ್ರಗಳಲ್ಲೇ ಆಗುತ್ತದೆ.

ಹೆಪ್ಪುಗಟ್ಟಿದ ರಕ್ತದ ವಿಷಯ: ಉಬ್ಬಿನ ಅಂಚಿನಲ್ಲಿ ರಕ್ತದ ಓಟ ನಿಧಾನವಾಗುವುದರಿಂದ ಅಲ್ಲಿ ಪದರಪದರವಾಗಿ ಹೆಪ್ಪುಗಟ್ಟುವುದು ಬಹುಪಾಲು ದೊಡ್ಡ ಉಬ್ಬುಗಳಲ್ಲಿ ಕಾಣುವ ಸಂಗತಿ. ಇದನ್ನು ತೋರಿಸುವುದರಲ್ಲಿಯೇ ಸಿ.ಟಿ.ಯ ಹೆಚ್ಚುಗಾರಿಕೆ ಇದೆ. ಹಿಂದೆ ತೊಡೆಯ ಸಂದಿನಿಂದ ಕ್ಯಾಥೆಟರ್ ತೂರಿಸಿ ಬಣ್ಣ ಬಿಟ್ಟು ತೆಗೆಯುತ್ತಿದ್ದ ಆಂಜಿಯೋಗ್ರಾಂನಲ್ಲಿ ರಕ್ತ ಹರಿಯುವ ದಾರಿ ಮಾತ್ರ ಕಾಣುತ್ತಿತ್ತು. ಆರು ಸೆಂಟಿಮೀಟರ್ ಉಬ್ಬಿನೊಳಗೆ ಹೆಪ್ಪು ತುಂಬಿ ದಾರಿ ಎರಡೂವರೆ ಸೆಂಟಿಮೀಟರ್ ಉಳಿದಿದ್ದರೆ, ಚಿತ್ರದಲ್ಲಿ ನಾಳ ಹೆಚ್ಚುಕಡಿಮೆ ಸರಿಯಾಗಿಯೇ ಇದ್ದಂತೆ ತೋರುತ್ತಿತ್ತು. ಸಿ.ಟಿ.ಯಲ್ಲಿ ಕಾಂಟ್ರಾಸ್ಟ್ ತುಂಬಿದ ದಾರಿ ಬೆಳ್ಳಗೆ, ಹೆಪ್ಪು ಬೂದು ಬಣ್ಣದಲ್ಲಿ, ಗೋಡೆಯ ಕ್ಯಾಲ್ಸಿಯಂ ಚುಕ್ಕೆಗಳು ಇನ್ನೂ ಪ್ರಖರವಾಗಿ, ಎಲ್ಲವೂ ಒಂದೇ ಚಿತ್ರದಲ್ಲಿ ಕಾಣುತ್ತವೆ.

ಧಾರವಾಡದ ತಂತ್ರಜ್ಞ (ಸಿ.ಟಿ. ವಿಭಾಗ)

ಡಾಕ್ಟರು ಅಳತೆಯ ಬಗ್ಗೆ ಹೇಳಿದ್ದಾರೆ. ಆ ಚಿತ್ರ ಹೇಗೆ ಬರುತ್ತದೆ ಎಂಬುದನ್ನು ಯಂತ್ರದ ಪಕ್ಕದಲ್ಲಿ ನಿಲ್ಲುವವನಾಗಿ ನಾನು ಸೇರಿಸುತ್ತೇನೆ. ಮುಂದೆ ಮಾಡಿಸುವವರಿಗೆ ಭಯ ಕಡಿಮೆಯಾದೀತು.

ಮೊಣಕೈ ಮಡಿಕೆಯ ರಕ್ತನಾಳಕ್ಕೆ ತುಸು ದಪ್ಪನೆಯ ಕ್ಯಾನುಲಾ ಹಾಕುತ್ತೇವೆ. ಅಂಗೈ ಹಿಂಭಾಗದ ಸಣ್ಣ ನಾಳ ಈ ಪರೀಕ್ಷೆಗೆ ಆಗುವುದಿಲ್ಲ, ಏಕೆಂದರೆ ಅಯೋಡಿನ್ ಇರುವ ಕಾಂಟ್ರಾಸ್ಟ್ ದ್ರವವನ್ನು ಇಂಜೆಕ್ಟರ್ ಯಂತ್ರವು ಸೆಕೆಂಡಿಗೆ ಸುಮಾರು ನಾಲ್ಕು ಮಿ.ಲೀ. ವೇಗದಲ್ಲಿ ಒಳಗೆ ತಳ್ಳುತ್ತದೆ. ಒಟ್ಟು ಎಂಬತ್ತರಿಂದ ನೂರು ಮಿ.ಲೀ. ಹೋಗುತ್ತದೆ. ಅದು ಮಹಾಪಧಮನಿಗೆ ತಲುಪುವ ಸಮಯ ಪ್ರತಿಯೊಬ್ಬರಲ್ಲೂ ಬೇರೆ. ಹೃದಯ ದುರ್ಬಲವಾಗಿರುವ ಹಿರಿಯರಲ್ಲಿ ತಡವಾಗಿ ತಲುಪುತ್ತದೆ. ಅದಕ್ಕಾಗಿ ಮಹಾಪಧಮನಿಯ ಮೇಲೆ ಒಂದು ಸಣ್ಣ ವೃತ್ತವನ್ನು ಗುರುತಿಸಿಟ್ಟಿರುತ್ತೇವೆ. ಆ ವೃತ್ತದೊಳಗಿನ ಸಾಂದ್ರತೆ ಸುಮಾರು 100ರಿಂದ 150 ಹೌನ್ಸ್‌ಫೀಲ್ಡ್ ಮಾನ ದಾಟುತ್ತಿದ್ದಂತೆ ಸ್ಕ್ಯಾನ್ ಶುರುವಾಗುತ್ತದೆ. ಆ ಮಾನಕ್ಕೆ ಹೆಸರು ಬಂದದ್ದು ಸಿ.ಟಿ. ಯಂತ್ರವನ್ನು ರೂಪಿಸಿದ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರಿಂದ. ಅವರ ಯಂತ್ರ 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆಯಿತು. 1979ರಲ್ಲಿ ಅಲನ್ ಕಾರ್ಮ್ಯಾಕ್ ಅವರೊಂದಿಗೆ ಅವರಿಗೆ ನೊಬೆಲ್ ಬಂತು. ಆಗ ಒಂದೊಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೇಕಿತ್ತು. ಈಗ ಎದೆಯಿಂದ ತೊಡೆಯ ಸಂದಿನವರೆಗೆ ಒಂದೇ ಉಸಿರು ಹಿಡಿಯುವಷ್ಟರಲ್ಲಿ ಮುಗಿಯುತ್ತದೆ.

ಕಾಂಟ್ರಾಸ್ಟ್ ಹೋಗುವಾಗ ಮೈಯೆಲ್ಲ ಬಿಸಿಯಾದಂತೆ, ಮೂತ್ರ ಹೋಗಿಬಿಟ್ಟಿತೇನೋ ಎಂಬಂತೆ ಅನಿಸುತ್ತದೆ. ಅದು ಅರ್ಧ ನಿಮಿಷದ ಮಾತು. ಇದನ್ನು ಮೊದಲೇ ಹೇಳದಿದ್ದರೆ ಹಿರಿಯರು ಗಾಬರಿಯಿಂದ ಅಲುಗಾಡುತ್ತಾರೆ, ಚಿತ್ರ ಮಸುಕಾಗುತ್ತದೆ. ಕ್ಯಾನುಲಾ ಹಾಕಿದ ಜಾಗದಲ್ಲಿ ಉರಿ ಅಥವಾ ಊತ ಬಂದರೆ ಮಾತ್ರ ತಕ್ಷಣ ಕೂಗಿ ಹೇಳಬೇಕು.

ನೇತ್ರಾವತಿ (ಮಂಗಳೂರು)

ನನ್ನ ಪ್ರಶ್ನೆ ಕಿಡ್ನಿಯ ಬಗ್ಗೆ. ನಮ್ಮ ತಾಯಿಗೆ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತೋರಿಸುವ ರಕ್ತಪರೀಕ್ಷೆ) 1.6 ಇದೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ಅವರಿಗೂ ಇದೇ ಪರೀಕ್ಷೆ ಬರೆದುಕೊಟ್ಟಿದ್ದಾರೆ. ಅವರಿಗೆ ಸಿಗಡಿ ತಿಂದರೆ ಮೈಮೇಲೆ ದದ್ದು ಏಳುತ್ತದೆ. ಅಯೋಡಿನ್ ಇರುವ ಔಷಧ ಆಗುವುದಿಲ್ಲ ಎಂದು ನೆರೆಯವರು ಹೆದರಿಸಿದ್ದಾರೆ.

ಛಾಯಾದರ್ಪಣ

ಸಿಗಡಿಯ ಅಲರ್ಜಿ ಬರುವುದು ಅದರಲ್ಲಿರುವ ಪ್ರೋಟೀನ್‌ನಿಂದ, ಅಯೋಡಿನ್‌ನಿಂದಲ್ಲ. ಅದೊಂದೇ ಕಾರಣಕ್ಕೆ ಕಾಂಟ್ರಾಸ್ಟ್ ನಿಲ್ಲಿಸಬೇಕಾಗಿಲ್ಲ. ಹಿಂದೆ ಕಾಂಟ್ರಾಸ್ಟ್ ಕೊಟ್ಟಾಗಲೇ ದದ್ದು, ಉಬ್ಬಸ ಬಂದಿದ್ದರೆ ಅದು ಬೇರೆ ಮಾತು, ಅದನ್ನು ಖಂಡಿತ ಹೇಳಬೇಕು. ಕಿಡ್ನಿಯ ವಿಷಯದಲ್ಲಿ ಕ್ರಿಯಾಟಿನಿನ್ ಒಂದನ್ನೇ ನೋಡಿ ತೀರ್ಮಾನಿಸುವುದಿಲ್ಲ. ವಯಸ್ಸು ಮತ್ತು ಲಿಂಗವನ್ನು ಸೇರಿಸಿ ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತದೆ ಎಂಬ ಇ.ಜಿ.ಎಫ್.ಆರ್. ಲೆಕ್ಕ ಹಾಕುತ್ತೇವೆ. ಅದು 30ಕ್ಕಿಂತ ಕಡಿಮೆಯಿದ್ದರೆ ಬಹಳ ಯೋಚಿಸಬೇಕು. ಅದಕ್ಕಿಂತ ಮೇಲಿದ್ದು ಕಿಡ್ನಿಗೆ ಹೊಸದಾಗಿ ಪೆಟ್ಟು ಬಿದ್ದಿಲ್ಲವಾದರೆ ಮೆಟ್‌ಫಾರ್ಮಿನ್ ನಿಲ್ಲಿಸುವ ಅಗತ್ಯವಿಲ್ಲ ಎಂಬುದು ಅಮೆರಿಕದ ರೇಡಿಯಾಲಜಿ ಕಾಲೇಜಿನ ನಿಲುವು. ನಮ್ಮಲ್ಲಿ ಅನೇಕ ಕೇಂದ್ರಗಳು ಈಗಲೂ 48 ಗಂಟೆ ನಿಲ್ಲಿಸಲು ಹೇಳುತ್ತವೆ. ನಿಮ್ಮ ವೈದ್ಯರು ಹೇಳಿದಂತೆ ನಡೆಯಿರಿ, ಆದರೆ ಪರೀಕ್ಷೆಯ ದಿನ ನೀರನ್ನೂ ಕುಡಿಯದೆ ಒಣಗಿ ಬರುವುದು ಮಾತ್ರ ಬೇಡ. ಉಬ್ಬಿನ ಗಾತ್ರವಷ್ಟೇ ತಿಳಿಯಬೇಕಿದ್ದರೆ ಕಾಂಟ್ರಾಸ್ಟ್ ಇಲ್ಲದ ಸಿ.ಟಿ.ಯಲ್ಲೇ ಅದು ಚೆನ್ನಾಗಿ ತಿಳಿಯುತ್ತದೆ.

ರಕ್ತನಾಳ ಶಸ್ತ್ರಚಿಕಿತ್ಸಕ (ಬೆಂಗಳೂರು)

ಹೇಮಾವತಿತೀರ ಅವರ ತಂದೆಗೆ ಆರು ತಿಂಗಳು ಕಾಯಿರಿ ಎಂದ ವೈದ್ಯರು ಸರಿಯಾಗಿಯೇ ಹೇಳಿದ್ದಾರೆ. ಹೊಟ್ಟೆಯ ಮಹಾಪಧಮನಿಯ ಸಹಜ ಅಗಲ ಸುಮಾರು ಎರಡು ಸೆಂ.ಮೀ.; ಮೂರು ಸೆಂ.ಮೀ. ತಲುಪಿದರೆ ಅದನ್ನು ಅನ್ಯೂರಿಸಂ ಎನ್ನುತ್ತೇವೆ. ಗಂಡಸರಲ್ಲಿ 5.5 ಸೆಂ.ಮೀ., ಹೆಂಗಸರಲ್ಲಿ 5.0 ಸೆಂ.ಮೀ. ಮುಟ್ಟಿದಾಗ ದುರಸ್ತಿಯ ಮಾತು ಬರುತ್ತದೆ. ನೋವು ಕಾಣಿಸಿಕೊಂಡರೆ ಅಥವಾ ಬೆಳವಣಿಗೆ ತೀರಾ ವೇಗವಾಗಿದ್ದರೆ ಗಾತ್ರಕ್ಕೆ ಕಾಯುವುದಿಲ್ಲ.

5.5ರ ಈ ಗಡಿಯನ್ನು ಯಾರೋ ಅಂದಾಜಿನ ಮೇಲೆ ಹಾಕಿದ್ದಲ್ಲ. ನಾಲ್ಕರಿಂದ ಐದೂವರೆ ಸೆಂ.ಮೀ. ಒಳಗಿನ ಉಬ್ಬು ಇದ್ದವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೂಡಲೇ ಆಪರೇಷನ್ ಮಾಡಿ, ಇನ್ನೊಂದನ್ನು ನಿಗಾದಲ್ಲಿಟ್ಟು ನೋಡಿದ ಎರಡು ದೊಡ್ಡ ಅಧ್ಯಯನಗಳಿವೆ. ಬ್ರಿಟನ್ನಿನದು 1998ರಲ್ಲಿ 1,090 ರೋಗಿಗಳೊಂದಿಗೆ, ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳದ್ದು 2002ರಲ್ಲಿ 1,136 ರೋಗಿಗಳೊಂದಿಗೆ ಪ್ರಕಟವಾಯಿತು. ಬೇಗ ಆಪರೇಷನ್ ಮಾಡಿಸಿಕೊಂಡವರು ಹೆಚ್ಚು ಕಾಲ ಬದುಕಲಿಲ್ಲ ಎಂಬುದೇ ಎರಡರ ಫಲಿತಾಂಶ. ಈ ಚರ್ಚೆಗೆ ಬಹಳ ಸಲ್ಲುವ ಒಂದು ಅಂಶವನ್ನು ಗಮನಿಸಿ: ಬ್ರಿಟನ್ನಿನ ಅಧ್ಯಯನ ಅಲ್ಟ್ರಾಸೌಂಡ್ ಅಳತೆಯನ್ನು ಆಧರಿಸಿತ್ತು, ಅಮೆರಿಕದ್ದು ಸಿ.ಟಿ. ಅಳತೆಯನ್ನು. ಗಡಿಯ ಸಂಖ್ಯೆ ಒಂದೇ, ಅಳೆದ ಸಾಧನ ಬೇರೆ. ಹಾಗಾಗಿ 5.3, 5.4 ಬಂದ ರೋಗಿಗಳ ವಿಷಯದಲ್ಲಿ ನಾನು ವರದಿಯ ಸಂಖ್ಯೆಯೊಂದನ್ನೇ ಓದಿ ತೀರ್ಮಾನ ಹೇಳುವುದಿಲ್ಲ. ಚಿತ್ರಗಳನ್ನು ತೆರೆದು ನಾನೇ ಅಳೆಯುತ್ತೇನೆ.

ಹಾಗಾದರೆ ಸಿ.ಟಿ. ಯಾವಾಗ ಅನಿವಾರ್ಯ? ದುರಸ್ತಿಯ ನಿರ್ಧಾರ ಹತ್ತಿರ ಬಂದಾಗ. 1990ರ ಸೆಪ್ಟೆಂಬರಿನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹುವಾನ್ ಪರೋಡಿ ಅವರು ಹೊಟ್ಟೆ ತೆರೆಯದೆ, ತೊಡೆಯ ಧಮನಿಯ ಮೂಲಕ ಕೃತಕ ನಾಳವನ್ನು ಉಬ್ಬಿನೊಳಗೆ ಕೂರಿಸಿದ ಮೇಲೆ ಈ ಚಿಕಿತ್ಸೆಯ ಸ್ವರೂಪವೇ ಬದಲಾಯಿತು. ಹೊಟ್ಟೆ ತೆರೆದ ಶಸ್ತ್ರಚಿಕಿತ್ಸಕನಿಗೆ ನಾಳ ಕಣ್ಣೆದುರೇ ಇರುತ್ತದೆ, ಬೇಕಾದ ಅಳತೆಯನ್ನು ಅಲ್ಲೇ ತೆಗೆದುಕೊಳ್ಳಬಹುದು. ಸ್ಟೆಂಟ್ ಗ್ರಾಫ್ಟ್ ಎನ್ನುವ ಈ ಕೃತಕ ನಾಳವನ್ನು ಹಾಕುವವನು ಅದರ ಅಗಲ, ಉದ್ದ ಎಲ್ಲವನ್ನೂ ಮೊದಲೇ ನಿಗದಿಮಾಡಿ ತರಿಸಿಕೊಂಡಿರಬೇಕು, ಅದಕ್ಕೆ ಅವನಿಗಿರುವ ಆಧಾರ ಸಿ.ಟಿ. ಒಂದೇ. ಕಿಡ್ನಿಗೆ ಹೋಗುವ ಧಮನಿಗಳ ಕೆಳಗೆ, ಉಬ್ಬು ಶುರುವಾಗುವ ಮುನ್ನ, ಆರೋಗ್ಯವಾದ ನಾಳ ಎಷ್ಟು ಉಳಿದಿದೆ ಎಂಬುದು ಎಲ್ಲಕ್ಕಿಂತ ಮುಖ್ಯ. ಕತ್ತು ಎಂದು ನಾವು ಕರೆಯುವ ಆ ಭಾಗ 10ರಿಂದ 15 ಮಿ.ಮೀ. ಆದರೂ ಇರಬೇಕು, 60 ಡಿಗ್ರಿಗಿಂತ ಹೆಚ್ಚು ಬಾಗಿರಬಾರದು, ಸುತ್ತಲೂ ಕ್ಯಾಲ್ಸಿಯಂ ಮತ್ತು ಹೆಪ್ಪು ತುಂಬಿರಬಾರದು. ಗ್ರಾಫ್ಟ್ ಬಿಗಿಯಾಗಿ ಕೂರಲೆಂದು ಕತ್ತಿನ ಅಗಲಕ್ಕಿಂತ ಶೇಕಡಾ 10ರಿಂದ 20ರಷ್ಟು ದೊಡ್ಡದನ್ನು ಆರಿಸುತ್ತೇವೆ. ಇಲ್ಲಿ ಎರಡು ಮಿಲಿಮೀಟರ್ ತಪ್ಪಾದರೂ ಪಕ್ಕದಿಂದ ರಕ್ತ ಸೋರುತ್ತದೆ. ಮಹಾಪಧಮನಿ ಕವಲೊಡೆದು ಕಾಲುಗಳ ಕಡೆಗೆ ಹೋಗುವ ಇಲಿಯಾಕ್ ಧಮನಿಗಳು ತೀರಾ ಸಪೂರವಾಗಿದ್ದರೆ ಸಾಧನವನ್ನು ಮೇಲೆ ಕೊಂಡೊಯ್ಯಲು ದಾರಿಯೇ ಇರುವುದಿಲ್ಲ. ನಮ್ಮ ರೋಗಿಗಳಲ್ಲಿ ಇದನ್ನು ಎಷ್ಟೋ ಸಲ ಎದುರಿಸಿದ್ದೇನೆ.

ತೆರೆದ ಶಸ್ತ್ರಚಿಕಿತ್ಸೆಗೂ ಸಿ.ಟಿ. ಬೇಕು. ಎಡ ಕಿಡ್ನಿಯ ಅಭಿಧಮನಿ ಕೆಲವರಲ್ಲಿ ಮಹಾಪಧಮನಿಯ ಮುಂದೆ ಹಾಯುವ ಬದಲು ಹಿಂದಿನಿಂದ ಹೋಗಿರುತ್ತದೆ. ಇನ್ನು ಕೆಲವರಲ್ಲಿ ಎರಡೂ ಕಿಡ್ನಿಗಳು ಕೆಳತುದಿಯಲ್ಲಿ ಕೂಡಿಕೊಂಡು ಉಬ್ಬಿಗೆ ಅಡ್ಡಲಾಗಿ ನಿಂತಿರುತ್ತವೆ. ಇದನ್ನು ಮೊದಲೇ ತಿಳಿಯದೆ ಹೊಟ್ಟೆ ತೆರೆದರೆ ಆಗುವ ರಕ್ತಸ್ರಾವವನ್ನು ನೋಡಿದವರು ಸಿ.ಟಿ. ಇಲ್ಲದೆ ಆ ಕೆಲಸಕ್ಕೆ ಕೈ ಹಾಕುವುದಿಲ್ಲ.

ಲೆಸ್ಟರ್ ಕನ್ನಡಿಗ

ನಾನು ವೈದ್ಯನಲ್ಲ, ಇಂಗ್ಲೆಂಡಿನಲ್ಲಿ ನೆಲೆಸಿರುವ ಎಂಜಿನಿಯರ್. 65 ತುಂಬುವ ವರ್ಷ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಿಂದ ನನಗೆ ಪತ್ರ ಬಂತು. ಆ ವಯಸ್ಸಿಗೆ ಬಂದ ಎಲ್ಲ ಗಂಡಸರನ್ನೂ ಒಮ್ಮೆ ಅಲ್ಟ್ರಾಸೌಂಡ್‌ಗೆ ಕರೆಯುತ್ತಾರೆ. ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ, ಕೆಲವೇ ನಿಮಿಷಗಳಲ್ಲಿ ಅಳೆದು, ಸರಿಯಿದೆ ಎಂದು ಅಲ್ಲೇ ಹೇಳಿ ಕಳಿಸಿದರು. ಮೂರರಿಂದ 4.4 ಸೆಂ.ಮೀ. ಇದ್ದವರನ್ನು ವರ್ಷಕ್ಕೊಮ್ಮೆ, 4.5ರಿಂದ 5.4 ಇದ್ದವರನ್ನು ಮೂರು ತಿಂಗಳಿಗೊಮ್ಮೆ ಮತ್ತೆ ಅಲ್ಟ್ರಾಸೌಂಡ್‌ನಲ್ಲೇ ನೋಡುತ್ತಾರೆ, 5.5 ಮುಟ್ಟಿದವರನ್ನು ಶಸ್ತ್ರಚಿಕಿತ್ಸಕರ ಬಳಿಗೆ ಕಳಿಸುತ್ತಾರೆ. ಸಿ.ಟಿ. ಬರುವುದು ಅಲ್ಲಿಗೆ ಹೋದ ಮೇಲೆ. 65ರಿಂದ 74 ವರ್ಷದ ಸುಮಾರು 67,800 ಗಂಡಸರ ಮೇಲೆ ಇಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಕರೆದು ನೋಡಿದ್ದರಿಂದ ಈ ಕಾಯಿಲೆಯ ಸಾವುಗಳು ನಾಲ್ಕು ವರ್ಷಗಳಲ್ಲಿ ಶೇಕಡಾ 42ರಷ್ಟು ಇಳಿದವು. ಇಷ್ಟನ್ನು ಸಾಧಿಸಿದ್ದು ವಿಕಿರಣವೇ ಇಲ್ಲದ ಸರಳ ಸ್ಕ್ಯಾನಿಂಗ್.

ಮಲಪ್ರಭಾ

ನನಗೊಂದು ಸಂದೇಹ. ಸಿ.ಟಿ. ಅಷ್ಟು ನಿಖರವಾಗಿದ್ದರೆ, ದುಡ್ಡಿನ ಮುಖ ನೋಡದೆ ಆರಾರು ತಿಂಗಳಿಗೆ ಅದನ್ನೇ ಮಾಡಿಸುವುದು ಕ್ಷೇಮವಲ್ಲವೇ? ಕೆಲವು ಪ್ರಯೋಗಾಲಯಗಳು ಐವತ್ತು ದಾಟಿದವರಿಗೆ ಇಡೀ ದೇಹದ ಸಿ.ಟಿ. ಪ್ಯಾಕೇಜನ್ನೂ ಕೊಡುತ್ತಿವೆ.

ಛಾಯಾದರ್ಪಣ

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಸಣ್ಣ ಉಬ್ಬಿನ ನಿಗಾಕ್ಕೆ ಸಿ.ಟಿ. ಸರಿಯಾದ ಸಾಧನವಲ್ಲ. ಹೊಟ್ಟೆಯ ಒಂದು ಹಂತದ ಸಿ.ಟಿ.ಯಲ್ಲಿ ಸುಮಾರು ಎಂಟರಿಂದ ಹತ್ತು ಮಿಲಿಸೀವರ್ಟ್ ವಿಕಿರಣ ದೇಹಕ್ಕೆ ಸೇರುತ್ತದೆ. ಕಾಂಟ್ರಾಸ್ಟ್‌ಗೆ ಮುಂಚೆ, ಕಾಂಟ್ರಾಸ್ಟ್ ಧಮನಿಯಲ್ಲಿರುವಾಗ, ಆಮೇಲೆ ತಡವಾಗಿ ಎಂದು ಮೂರು ಹಂತ ಮಾಡಿದರೆ ಅದು ಎರಡು ಮೂರು ಪಟ್ಟಾಗುತ್ತದೆ. ಭೂಮಿಯ ಮೇಲೆ ಸುಮ್ಮನೆ ಬದುಕಿದ್ದಕ್ಕೆ ನಮಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಿಗುತ್ತದೆ. ಎಪ್ಪತ್ತು ದಾಟಿದವರಿಗೆ ಒಂದು ಸ್ಕ್ಯಾನ್‌ನಿಂದ ಬರುವ ಕ್ಯಾನ್ಸರ್ ಅಪಾಯ ಬಹಳ ಚಿಕ್ಕದು, ಅಗತ್ಯವಿದ್ದಾಗ ಅದಕ್ಕೆ ಹೆದರಿ ಹಿಂಜರಿಯಬಾರದು. ಅಗತ್ಯವೇ ಇಲ್ಲದಾಗ ಆ ವಿಕಿರಣವನ್ನೂ ಕಿಡ್ನಿಗೆ ಕಾಂಟ್ರಾಸ್ಟ್‌ನ ಹೊರೆಯನ್ನೂ ಮತ್ತೆ ಮತ್ತೆ ಕೊಡುವುದಕ್ಕೆ ಸಮರ್ಥನೆಯಿಲ್ಲ. ಒಂದೇ ಕಡೆ, ಸಾಧ್ಯವಾದರೆ ಒಬ್ಬರೇ ಒಂದೇ ವಿಧಾನದಲ್ಲಿ ಮಾಡಿದ ಅಲ್ಟ್ರಾಸೌಂಡ್ ಅಳತೆಗಳ ಸರಣಿಯಿಂದ ಉಬ್ಬು ಬೆಳೆಯುತ್ತಿದೆಯೇ ಎಂಬುದು ಚೆನ್ನಾಗಿ ತಿಳಿಯುತ್ತದೆ. ತುಂಬಾ ದಪ್ಪ ಮೈಯವರಲ್ಲಿ ಅಥವಾ ಕರುಳಿನ ಗಾಳಿ ಅಡ್ಡ ಬಂದು ನಾಳ ಕಾಣದವರಲ್ಲಿ ಮಾತ್ರ ಸಿ.ಟಿ.ಗೆ ಮೊರೆ ಹೋಗಬೇಕು. ಇಡೀ ದೇಹದ ಪ್ಯಾಕೇಜುಗಳನ್ನು ನಾನು ಯಾರಿಗೂ ಹೇಳುವುದಿಲ್ಲ.

ಕೃಷ್ಣಾತೀರ (ವಿಜಯಪುರ)

ಇಲ್ಲಿ ಎಲ್ಲರೂ ಮೊದಲೇ ಪತ್ತೆಯಾದ ಉಬ್ಬಿನ ಬಗ್ಗೆ ಬರೆಯುತ್ತಿದ್ದೀರಿ. ನಮ್ಮ ದೊಡ್ಡಪ್ಪನಿಗೆ ಅದಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಅವರಿಗೆ 74. ಒಂದು ಸಂಜೆ ಎಡ ಪಕ್ಕೆಯಿಂದ ಬೆನ್ನಿಗೆ ಹಿಡಿದುಕೊಂಡ ನೋವು ತೊಡೆಯ ಸಂದಿಗೆ ಇಳಿಯಿತು. ಆಸ್ಪತ್ರೆಗೆ ಕರೆದೊಯ್ದಾಗ ಕಿಡ್ನಿ ಕಲ್ಲು ಎಂದು ನೋವಿನ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರು, ಯಾವ ಸ್ಕ್ಯಾನಿಂಗೂ ಮಾಡಲಿಲ್ಲ. ಬೆಳಗಾಗುವುದರೊಳಗೆ ಬೆವೆತು ಬಿದ್ದರು. ಬೇರೆ ಕಡೆ ಸಿ.ಟಿ. ಮಾಡಿದಾಗ ಮಹಾಪಧಮನಿ ಒಡೆದಿರುವುದು ತಿಳಿಯಿತು. ಅವರು ಉಳಿಯಲಿಲ್ಲ. ಅದೇ ಸಿ.ಟಿ. ಹಿಂದಿನ ಸಂಜೆ ಆಗಿದ್ದರೆ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಇಂದಿಗೂ ಉಳಿದಿದೆ.

ತುರ್ತುವಿಭಾಗದ ವೈದ್ಯೆ (ಹುಬ್ಬಳ್ಳಿ)

ಕೃಷ್ಣಾತೀರ ಅವರೇ, ನಿಮ್ಮ ಕುಟುಂಬಕ್ಕೆ ಆದದ್ದು ತಿಳಿದು ದುಃಖವಾಯಿತು. ನಿಮ್ಮ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಮರೆಮಾಚದೆ ಉತ್ತರ ಬರೆಯುತ್ತೇನೆ. ಐವತ್ತು ಅರುವತ್ತು ದಾಟಿದವರಿಗೆ, ಅದರಲ್ಲೂ ಬೀಡಿ ಸಿಗರೇಟು ಸೇದುವ ಗಂಡಸರಿಗೆ, ಜೀವನದಲ್ಲಿ ಮೊದಲ ಬಾರಿಗೆ ಕಿಡ್ನಿ ಕಲ್ಲಿನಂತಹ ನೋವು ಬಂದರೆ ಅದು ಕಲ್ಲೇ ಎಂದು ಒಪ್ಪಿಕೊಳ್ಳುವ ಮುನ್ನ ಮಹಾಪಧಮನಿಯನ್ನು ನೋಡಲೇಬೇಕು. ಇದನ್ನು ನಮ್ಮ ಕಿರಿಯ ವೈದ್ಯರಿಗೆ ಪ್ರತಿ ತಂಡದಲ್ಲೂ ಹೇಳಿಕೊಡುತ್ತೇನೆ. ಎಡ ಪಕ್ಕೆಗೇ ನೋವು ಬರುವುದಕ್ಕೂ ಕಾರಣವಿದೆ: ಒಡೆದ ನಾಳದ ರಕ್ತ ಹೆಚ್ಚಾಗಿ ಎಡಗಡೆ, ಹೊಟ್ಟೆಯ ಹಿಂಭಾಗದಲ್ಲಿ ಕಿಡ್ನಿಯ ಸುತ್ತಲಿನ ಜಾಗಕ್ಕೆ ಇಳಿಯುತ್ತದೆ. ಅಲ್ಲಿನ ಅಂಗಾಂಶಗಳ ಒತ್ತಡದಿಂದ ರಕ್ತ ಸ್ವಲ್ಪ ಹೊತ್ತು ತಡೆಹಿಡಿದಂತಾಗುತ್ತದೆ. ರೋಗಿ ಎದ್ದು ಕೂತು ಮಾತನಾಡುತ್ತಿರುತ್ತಾನೆ, ರಕ್ತದೊತ್ತಡವೂ ಸರಿಯಿದ್ದಂತೆ ತೋರುತ್ತದೆ. ಉಳಿಸಿಕೊಳ್ಳಲು ಸಿಗುವ ಸಮಯ ಅದೇ. ನೋವು ಬೇರೆ ರೂಪದಲ್ಲೂ ಬರಬಹುದು. ಆಲ್ಬರ್ಟ್ ಐನ್‌ಸ್ಟೈನ್ ಅವರಿಗೆ ಈ ಉಬ್ಬು ಇತ್ತು. 1948ರಲ್ಲಿ ರುಡಾಲ್ಫ್ ನಿಸೆನ್ ಅದಕ್ಕೆ ಸೆಲೋಫೇನ್ ಸುತ್ತಿ ಆಪರೇಷನ್ ಮಾಡಿದ್ದರು. 1955ರ ಏಪ್ರಿಲ್‌ನಲ್ಲಿ ಅದು ಒಡೆದಾಗ ಅವರ ನೋವು ಪಿತ್ತಕೋಶದ ಉರಿಯೂತದಂತೆ ಕಾಣಿಸಿತ್ತು.

ಮೊದಲು ಹಾಸಿಗೆಯ ಪಕ್ಕದಲ್ಲೇ ಅಲ್ಟ್ರಾಸೌಂಡ್ ಇಟ್ಟು ನೋಡುತ್ತೇವೆ. ಉಬ್ಬು ಇದೆಯೇ ಇಲ್ಲವೇ ಎಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ಆದರೆ ಅದು ಒಡೆದಿದೆಯೇ ಎಂಬುದನ್ನು ಅಲ್ಟ್ರಾಸೌಂಡ್ ನಂಬಿಕೆಯಿಂದ ಹೇಳಲಾರದು, ಅದಕ್ಕೆ ಸಿ.ಟಿ. ಬೇಕು. ಕಿಡ್ನಿ ಕಲ್ಲಿಗೆಂದು ಮಾಡುವ ಕಾಂಟ್ರಾಸ್ಟ್ ಇಲ್ಲದ ಸಿ.ಟಿ.ಯಲ್ಲೇ ಉಬ್ಬು, ಅದರ ಪಕ್ಕದ ರಕ್ತದ ಮಡು ಎರಡೂ ಕಾಣುತ್ತವೆ. ಗೋಡೆಯ ಕ್ಯಾಲ್ಸಿಯಂ ಸರಪಳಿ ಒಂದು ಕಡೆ ತುಂಡಾಗಿರುವುದು, ಹೆಪ್ಪಿನೊಳಗೆ ಅರ್ಧಚಂದ್ರದ ಆಕಾರದ ಬಿಳಿ ಪಟ್ಟಿ ಕಾಣುವುದು, ನಾಳದ ಹಿಂಗೋಡೆ ತನ್ನ ಆಕಾರ ಕಳೆದುಕೊಂಡು ಬೆನ್ನುಮೂಳೆಯ ಮೇಲೆ ಒರಗಿಕೊಂಡಿರುವುದು, ಇವು ಒಡೆಯುವ ಮುನ್ನವೋ ಒಡೆಯುತ್ತಿರುವಾಗಲೋ ಸಿಗುವ ಸುಳಿವುಗಳು. ಉಬ್ಬಿನ ಸುತ್ತ ದಪ್ಪನೆಯ ಪದರ ಕಂಡರೆ ಉರಿಯೂತದ ಉಬ್ಬು ಇರಬಹುದು. ಒಂದೇ ಬದಿಗೆ ಚೀಲದಂತೆ ಹೊರಚಾಚಿ, ಸುತ್ತ ಗಾಳಿಯ ಗುಳ್ಳೆಗಳಿದ್ದರೆ ಸೋಂಕನ್ನು ಯೋಚಿಸುತ್ತೇವೆ.

ಒಡೆದಿದೆ ಎಂಬ ಅನುಮಾನವಿರುವಾಗ ಸಿ.ಟಿ.ಗೆ ಕರೆದೊಯ್ದು ಸಮಯ ಕಳೆಯಬಹುದೇ ಎಂಬ ವಾದ ನಮ್ಮಲ್ಲಿ ಬಹಳ ಕಾಲ ಇತ್ತು. ಪ್ರಜ್ಞೆಯಿರುವ, ಸಿಸ್ಟೋಲಿಕ್ (ಮೇಲಿನ) ರಕ್ತದೊತ್ತಡ 70ರಿಂದ 90ರ ನಡುವೆ ನಿಂತಿರುವ ರೋಗಿಯನ್ನು ಜೊತೆಯಲ್ಲಿ ವೈದ್ಯರಿದ್ದು ಸಿ.ಟಿ.ಗೆ ಕರೆದೊಯ್ಯುವುದೇ ಸರಿ ಎಂಬ ಕಡೆಗೆ ಈಗ ಅಭಿಪ್ರಾಯ ವಾಲಿದೆ. ಡ್ರಿಪ್ ಸುರಿದು ಒತ್ತಡವನ್ನು 120ಕ್ಕೆ ಏರಿಸಲು ಹೋದರೆ ತಡೆಹಿಡಿದಿರುವ ರಕ್ತ ಮತ್ತೆ ಹರಿಯುತ್ತದೆ. ಬ್ರಿಟನ್ನಿನ ಇಂಪ್ರೂವ್ ಅಧ್ಯಯನದಲ್ಲಿ 613 ರೋಗಿಗಳಿದ್ದರು. ಸಾಧ್ಯವಾದವರಿಗೆಲ್ಲ ಸಿ.ಟಿ. ನೋಡಿ ಸ್ಟೆಂಟ್ ಗ್ರಾಫ್ಟ್ ಹಾಕುವ ದಾರಿ ಹಿಡಿದ ಗುಂಪಿನಲ್ಲಿ ಮೂವತ್ತು ದಿನಗಳೊಳಗೆ ಸುಮಾರು ಶೇಕಡಾ 35, ತೆರೆದ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಸುಮಾರು ಶೇಕಡಾ 37 ಮಂದಿ ತೀರಿಕೊಂಡರು. ಸಿ.ಟಿ. ಇರುವ ದಾರಿಯಿಂದ ಹಾನಿಯಾಗಲಿಲ್ಲ ಎಂಬುದು ಅದರಿಂದ ತಿಳಿಯುತ್ತದೆ. ಆಸ್ಪತ್ರೆ ತಲುಪಿದವರಲ್ಲೇ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಜನ ಉಳಿಯುವುದಿಲ್ಲ ಎಂಬುದೂ ತಿಳಿಯುತ್ತದೆ.

ನೇತ್ರಾವತಿ

ಸ್ಟೆಂಟ್ ಹಾಕಿಸಿಕೊಂಡವರಿಗೆ ಮುಂದೆಯೂ ಸಿ.ಟಿ. ತಪ್ಪುವುದಿಲ್ಲವೇ? ತಾಯಿಯ ಕಿಡ್ನಿಯನ್ನು ನೆನೆದು ಕೇಳುತ್ತಿದ್ದೇನೆ.

ರಕ್ತನಾಳ ಶಸ್ತ್ರಚಿಕಿತ್ಸಕ

ಮೊದಲ ಸಿ.ಟಿ.ಯನ್ನು ಸಾಮಾನ್ಯವಾಗಿ ಒಂದು ತಿಂಗಳಿಗೆ ಮಾಡುತ್ತೇವೆ. ಗ್ರಾಫ್ಟ್‌ನ ಹೊರಗೆ, ಹಳೆಯ ಉಬ್ಬಿನ ಚೀಲದೊಳಗೆ ರಕ್ತ ಇನ್ನೂ ಸೇರುತ್ತಿದೆಯೇ ಎಂದು ನೋಡುವುದು ಉದ್ದೇಶ. ಇದನ್ನು ಎಂಡೋಲೀಕ್ ಎನ್ನುತ್ತೇವೆ. ಗ್ರಾಫ್ಟ್‌ನ ಮೇಲಿನ ಅಥವಾ ಕೆಳಗಿನ ತುದಿಯಿಂದ ಸೋರುತ್ತಿದ್ದರೆ, ಇಲ್ಲವೇ ಗ್ರಾಫ್ಟ್‌ನ ಭಾಗಗಳ ಕೂಡುಗಳಿಂದ ಸೋರುತ್ತಿದ್ದರೆ ಬೇಗ ಸರಿಪಡಿಸಬೇಕು. ಸೊಂಟದ ಸಣ್ಣ ಧಮನಿಗಳಿಂದ ಹಿಮ್ಮುಖವಾಗಿ ಬರುವ ಸೋರಿಕೆ ಹೆಚ್ಚು ಸಾಮಾನ್ಯ. ಚೀಲ ದೊಡ್ಡದಾಗುತ್ತಿಲ್ಲವಾದರೆ ಅದನ್ನು ಗಮನಿಸುತ್ತಾ ಇರುವುದಷ್ಟೇ ಸಾಕು. ಮೊದಲ ಸ್ಕ್ಯಾನ್‌ನಲ್ಲಿ ಎಲ್ಲವೂ ಸರಿಯಿದ್ದರೆ ಆಮೇಲಿನ ನಿಗಾವನ್ನು ಬಹುಮಟ್ಟಿಗೆ ರಕ್ತದ ಹರಿವನ್ನೂ ತೋರಿಸುವ ಡಾಪ್ಲರ್ ಅಲ್ಟ್ರಾಸೌಂಡ್‌ನಲ್ಲೇ ನಡೆಸಬಹುದು. ನಿಮ್ಮ ತಾಯಿಯಂತಹವರಿಗೆ ಡಾಪ್ಲರ್ ಜೊತೆಗೆ ಕಾಂಟ್ರಾಸ್ಟ್ ಇಲ್ಲದ ಸಿ.ಟಿ. ಮಾಡಿ ಚೀಲದ ಗಾತ್ರವನ್ನು ಹೋಲಿಸುತ್ತೇವೆ. ನಿಗಾ ಮಾತ್ರ ಜೀವನಪರ್ಯಂತ ಬೇಕು. ಊರಿಗೆ ಹೋದ ಮೇಲೆ ವರ್ಷಗಟ್ಟಲೆ ತೋರಿಸದೆ ಉಳಿಯುವವರ ಬಗ್ಗೆ ನನಗೆ ಬಹಳ ಕಳವಳವಿದೆ.

ಹೇಮಾವತಿತೀರ

ಎಲ್ಲರಿಗೂ ಕೃತಜ್ಞತೆಗಳು. ಸ್ಕ್ಯಾನ್ ಕೇಂದ್ರಕ್ಕೆ ಹೋಗಿ ಕೇಳಿಕೊಂಡೆವು. ಅಲ್ಲಿನ ವೈದ್ಯರು ಬೇಸರಪಡದೆ ನಮ್ಮೆದುರೇ ಚಿತ್ರವನ್ನು ತಿರುಗಿಸಿ ತೋರಿಸಿದರು. ನಾಳ ಎಡಕ್ಕೆ ವಾಲಿದ್ದರಿಂದ ಅಡ್ಡಚಿತ್ರದಲ್ಲಿ 5.2 ಬಂದಿತ್ತು, ನಡುರೇಖೆಗೆ ಲಂಬವಾಗಿ ಅಳೆದಾಗ 4.9 ಬಂತು. ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದದ್ದು ಎಂದು ವರದಿಯಲ್ಲಿ ಸೇರಿಸಿಕೊಟ್ಟರು. ಸೋದರಮಾವನಿಗೂ ತೋರಿಸಿದೆ, ಅವರು ಈಗ ಸಮಾಧಾನವಾಗಿದ್ದಾರೆ. ಇನ್ನೆರಡು ಪ್ರಶ್ನೆಗಳು: ಬೆಂಗಳೂರಿನಲ್ಲಿ ಒಮ್ಮೆ ತೋರಿಸೋಣ ಎಂದುಕೊಂಡಿದ್ದೇವೆ, ಫಿಲ್ಮ್‌ಗಳನ್ನು ತಂದರೆ ಸಾಕೇ? ಅಪ್ಪನ ತಮ್ಮಂದಿರೂ ಬೀಡಿ ಸೇದುವವರು, ಅವರಿಗೂ ಸಿ.ಟಿ. ಮಾಡಿಸಬೇಕೇ?

ರಕ್ತನಾಳ ಶಸ್ತ್ರಚಿಕಿತ್ಸಕ

ಚಿಕ್ಕಪ್ಪಂದಿರಿಗೆ ಅಲ್ಟ್ರಾಸೌಂಡ್ ಸಾಕು, ಆದರೆ ಅದನ್ನು ಖಂಡಿತ ಮಾಡಿಸಿ. ಅಣ್ಣತಮ್ಮಂದಿರಲ್ಲಿ ಒಬ್ಬರಿಗೆ ಉಬ್ಬು ಇದ್ದರೆ ಉಳಿದವರಿಗೆ ಇರುವ ಸಾಧ್ಯತೆ ಹೆಚ್ಚು, ಧೂಮಪಾನ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಸ್ಕ್ಯಾನಿಂಗ್ ಚೀಟಿಯಲ್ಲಿ ಹೊಟ್ಟೆಯ ಸ್ಕ್ಯಾನ್ ಎಂದಷ್ಟೇ ಬರೆಸಬೇಡಿ. ಮಹಾಪಧಮನಿಯ ಅಗಲವನ್ನು ಅಳೆದು ಬರೆಯಬೇಕೆಂದು ಸ್ಪಷ್ಟವಾಗಿ ಕೇಳಿ.

ಫಿಲ್ಮ್‌ಗಳು ನನಗೆ ಉಪಯೋಗಕ್ಕೆ ಬರುವುದಿಲ್ಲ. ಅದರಲ್ಲಿ ಆಯ್ದ ಕೆಲವು ಚಿತ್ರಗಳಷ್ಟೇ ಅಚ್ಚಾಗಿರುತ್ತವೆ, ಅವುಗಳನ್ನು ತಿರುಗಿಸಿ ಅಳೆಯಲಾಗದು. ಒಂದು ಮಿ.ಮೀ. ಅಥವಾ ಅದಕ್ಕಿಂತ ತೆಳುವಾದ ಚಿತ್ರಗಳ ಪೂರ್ತಿ ಸರಣಿಯನ್ನು ಡೈಕಾಮ್ (ಸ್ಕ್ಯಾನ್ ಚಿತ್ರಗಳ ಮೂಲ ಡಿಜಿಟಲ್ ಕಡತ) ರೂಪದಲ್ಲಿ ಸಿ.ಡಿ. ಅಥವಾ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಬಹಳಷ್ಟು ಕೇಂದ್ರಗಳು ಸ್ವಲ್ಪ ಕಾಲದ ನಂತರ ತೆಳು ಚಿತ್ರಗಳನ್ನು ಅಳಿಸಿ ದಪ್ಪ ಚಿತ್ರಗಳನ್ನಷ್ಟೇ ಉಳಿಸಿಕೊಳ್ಳುತ್ತವೆ, ಆದ್ದರಿಂದ ಈ ವಾರವೇ ಕೇಳಿ. ಮೊದಲ ಅಲ್ಟ್ರಾಸೌಂಡ್ ವರದಿಯನ್ನೂ, ಅಪ್ಪ ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನೂ ಜೊತೆಗೆ ತನ್ನಿ. ಮೂತ್ರದ ಸೋಂಕಿಗೆ ಸಿಪ್ರೋಫ್ಲಾಕ್ಸಸಿನ್ ಗುಂಪಿನ ಔಷಧ ಬರೆದುಕೊಟ್ಟರೆ, ಮಹಾಪಧಮನಿಯ ಉಬ್ಬು ಇದೆ ಎಂದು ಆ ವೈದ್ಯರಿಗೆ ಮೊದಲೇ ಹೇಳಿ. ಉಬ್ಬು ಇರುವವರಿಗೆ ಬೇರೆ ದಾರಿ ಇರುವಾಗ ಆ ಗುಂಪಿನ ಔಷಧ ಬೇಡ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರ್‌ನಲ್ಲಿ ಎಚ್ಚರಿಸಿದೆ. ಆರು ತಿಂಗಳ ಅಲ್ಟ್ರಾಸೌಂಡ್ ಅನ್ನು ಮೊದಲು ಮಾಡಿಸಿದ ಕಡೆಯೇ ಮಾಡಿಸಿ, ಹಳೆಯ ವರದಿಯನ್ನು ಕೊಟ್ಟು ಅಂದು ಅಳೆದ ದಿಕ್ಕಿನಲ್ಲೇ, ಅದೇ ಅಂಚುಗಳ ನಡುವೆ ಮತ್ತೆ ಅಳೆಯುವಂತೆ ಹೇಳಿ.